ಹೆಳವರ ಹೊತ್ತಗೆಯೂ ಜನಗಣತಿಯ ಲೆಕ್ಕವೂ

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ನಮ್ಮ ಎದುರುಮನೆಯ ಪಟೇಲರು ಚಹಾಕ್ಕೆ ಕರೆದರು. ಹೋಗಿ ನೋಡಿದರೆ ಮನೆಯಲ್ಲಿ ಹಬ್ಬದ ಗದ್ದಲ. ನಡುಮನೆಯಲ್ಲಿ ಹಾಸಿದ ಜಮಖಾನೆಯ ಮೇಲೆ ರುಮಾಲು ಸುತ್ತಿದ ಮುದುಕರೊಬ್ಬರು ಕುಳಿತಿದ್ದರು. ಅವರ ಮುಂದೆ ಕೆಂಪು ಬಟ್ಟೆಯ ಹೊದಿಕೆಯಿದ್ದ ಉದ್ದನೆಯ ಒಂದು ಪುಸ್ತಕ, ಅದಕ್ಕೆ ಕುಂಕುಮ, ಹೂವು, ಪಕ್ಕದಲ್ಲಿ ದೀಪ. ಅವರು ಪಟೇಲರ ವಂಶದ ವಹಿವಂಚಾ ಬಾರೋಟರು. ವಹಿ ಎಂದರೆ ಲೆಕ್ಕದ ಪುಸ್ತಕ, ಅದನ್ನು ಓದುವವರು ವಹಿವಂಚಾ. ನಾಲ್ಕೈದು ವರ್ಷಕ್ಕೊಮ್ಮೆ ಬಂದು ಹಿರಿಯರ ಹೆಸರುಗಳನ್ನು ಓದಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿ, ಕಾಣಿಕೆ ತೆಗೆದುಕೊಂಡು ಹೋಗುವುದು ಅವರ ತಲತಲಾಂತರದ ಉದ್ಯೋಗ. ಅಂದು ಪಟೇಲರ ಎರಡು ವರ್ಷದ ಮೊಮ್ಮಗನ ಹೆಸರು ಆ ಪುಸ್ತಕ ಸೇರಿತು. ಎಲ್ಲರಿಗೂ ಪೇಡಾ ಹಂಚಿದರು.

ಮನೆಗೆ ಬಂದ ಮೇಲೆ ಹನ್ನೊಂದನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ನಮ್ಮ ತಂದೆಯ ಬಳಿ ಕುಳಿತು ಕೇಳಿದಳು: "ಮುತ್ಯಾ, ನಮ್ಮ ಹೆಸರು ಯಾರ ಪುಸ್ತಕದಾಗ ಐತಿ?"

ನಮ್ಮ ತಂದೆಗೆ ಎಂಬತ್ತು ದಾಟಿದೆ. ಬಾದಾಮಿ ತಾಲ್ಲೂಕಿನಲ್ಲಿ, ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿಯವರು. ಖಣ ನೇಯುವ ಮಗ್ಗದ ಸದ್ದಿನಲ್ಲಿ ಬೆಳೆದು, 1966ರಲ್ಲಿ ಅಹಮದಾಬಾದಿಗೆ ಬಂದು ಗೋಮತಿಪುರದ ಒಂದು ಬಟ್ಟೆ ಮಿಲ್ಲಿನ ನೇಯ್ಗೆ ಖಾತೆಗೆ ಸೇರಿದವರು. 1980ರ ದಶಕದಲ್ಲಿ ಇಲ್ಲಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ ಅವರ ಕೆಲಸವೂ ಹೋಯಿತು. ಆದರೆ ಊರಿಗೆ ಹಿಂದಿರುಗಲಿಲ್ಲ. "ನಮ್ಮೂರ ಹೆಸರಿನಾಗೇ ಗುಳೆ ಐತಿ, ಗುಳೆ ಬಂದವರು ತಿರುಗಿ ಹೋಗೂದುಂಟೇನು?" ಎಂದು ನಗೆಯಾಡುತ್ತಿದ್ದರು. ಅಂದು ಮೊಮ್ಮಗಳ ಪ್ರಶ್ನೆಗೆ ನಗಲಿಲ್ಲ. ತಮ್ಮ ತಂದೆ, ಅಜ್ಜ ಇವರ ಹೆಸರು ಹೇಳಿದರು. ಅಜ್ಜನ ತಂದೆಯ ಹೆಸರಿಗೆ ಸ್ವಲ್ಪ ತಡವರಿಸಿದರು. "ಮುತ್ಯಾ, ನಿಮ್ಮ ಅಜ್ಜಿ ಹೆಸರು?" ಎಂದಾಗ ಸುಮ್ಮನಾದರು.

ಆ ಅಜ್ಜಿಯೇ ಅವರನ್ನು ಸಾಕಿದವಳು. ಹಡೆದ ತಾಯಿ ಮಗ್ಗಕ್ಕೆ ಕುಳಿತರೆ ಈಕೆಯ ಮಡಿಲೇ ಮನೆ. 1953ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡಳು. ತಂದೆಗೆ ಆಗ ಒಂಬತ್ತು ವರ್ಷ. "ನಾವೆಲ್ಲಾ ಆಯಿ ಅಂತಿದ್ವಿ. ಹಿರ್‍ಯಾರು ಇಂಥವನ ಅವ್ವ ಅಂತಿದ್ರು. ಹೆಸರು ಹಿಡದು ಕರದದ್ದು ನಾ ಕೇಳಿಲ್ಲ," ಎಂದರು. ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ನಾವು ಓದಿದ್ದು ಬಿ.ಎಸ್ಸಿ., ಮಾಡುವುದು ಕೇಂದ್ರ ಸರ್ಕಾರದ ಗುಮಾಸ್ತಿಕೆ. ಯಾವುದೇ ವಿಷಯಕ್ಕೆ ಎಲ್ಲೋ ಒಂದು ಫೈಲು ಇದ್ದೇ ಇರುತ್ತದೆ ಎಂಬುದು ನಮ್ಮ ನಂಬಿಕೆ. ಎಪ್ಪತ್ತರ ಹತ್ತಿರ ಬದುಕಿ 1953ರಲ್ಲಿ ಸತ್ತವಳೆಂದರೆ 1891ರಿಂದ 1951ರವರೆಗೆ ಏಳು ಜನಗಣತಿಗಳಲ್ಲಿ ಅವಳನ್ನು ಎಣಿಸಿರಬೇಕು. ಏಳು ಸಲ ಸರ್ಕಾರದ ಮನುಷ್ಯ ಬಾಗಿಲಿಗೆ ಬಂದು ಬರೆದುಕೊಂಡಿದ್ದಾನೆ. ಅಂದಮೇಲೆ ಹೆಸರು ಸಿಗದೆ ಎಲ್ಲಿಗೆ ಹೋಗುತ್ತದೆ? ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಜನಗಣತಿಯ ಮನೆವಾರು ಪಟ್ಟಿಯನ್ನು ಜನರಿಗೆ ತೆರೆದಿಡುತ್ತಾರೆ, 1921ರದನ್ನು 2022ರಲ್ಲಿ ತೆರೆದರು. ಅಮೆರಿಕದಲ್ಲಿ 72 ವರ್ಷಕ್ಕೇ ತೆರೆಯುತ್ತಾರೆ. ಅಲ್ಲಿನವರು ಅಜ್ಜ ಅಜ್ಜಿಯರನ್ನು ಹೀಗೆಯೇ ಹುಡುಕಿಕೊಳ್ಳುತ್ತಾರೆಂದು ನಾವು ಓದಿದ್ದೆವು. ಸರಿ, ನಾವೂ ಟೊಂಕ ಕಟ್ಟಿದೆವು.

ಮೊದಲನೆಯ ತೊಡಕು ವಿಳಾಸದ್ದು. ನಮ್ಮ ಹಳ್ಳಿ ಇದ್ದಲ್ಲಿಂದ ಒಂದು ಗೇಣೂ ಸರಿದಿಲ್ಲ, ಆದರೆ ಅದರ ಜಿಲ್ಲೆ ಬದಲಾಗುತ್ತಲೇ ಬಂದಿದೆ. 1881ರಲ್ಲಿ ಅದು ಕಲಾದಗಿ ಜಿಲ್ಲೆ. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಹೋಯಿತು, ಹೆಸರೂ ಬಿಜಾಪುರವಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ. ಈಗ ಗುಳೇದಗುಡ್ಡವೇ ಒಂದು ತಾಲ್ಲೂಕು. ರಾಜ್ಯವೋ, ಮುಂಬಯಿ ಪ್ರಾಂತ, ಆಮೇಲೆ ಮುಂಬಯಿ ರಾಜ್ಯ, 1956ರಿಂದ ಮೈಸೂರು, 1973ರಿಂದ ಕರ್ನಾಟಕ. ಹೀಗಾಗಿ ಹಳೆಯ ವರದಿಗಳನ್ನು ಹುಡುಕಬೇಕಾದದ್ದು ಬೆಂಗಳೂರಿನ ಹೆಸರಿನಲ್ಲಲ್ಲ, ಮುಂಬಯಿಯ ಹೆಸರಿನಲ್ಲಿ.

ಇದರಿಂದ ನಮಗೊಂದು ಸಂತೋಷವೂ ಆಯಿತು. ಮುಂಬಯಿ ಪ್ರಾಂತದ ವರದಿಯಲ್ಲಿ ಅಹಮದಾಬಾದ್, ಸೂರತ್, ಧಾರವಾಡ, ಬೆಳಗಾವಿ, ಕಲಾದಗಿ ಎಲ್ಲವೂ ಒಂದೇ ಕೋಷ್ಟಕದಲ್ಲಿ ಒಂದರ ಕೆಳಗೊಂದು. ನಾವು ಬಿಟ್ಟುಬಂದ ಊರು, ಬಂದು ನೆಲೆಸಿದ ಊರು ಎರಡೂ ಒಂದೇ ಹಾಳೆಯಲ್ಲಿ! ಭಾಷೆಯ ಕೋಷ್ಟಕದಲ್ಲಿ ‘ಕೆನರೀಸ್’ ಎಂಬ ಸಾಲು. ಅಹಮದಾಬಾದ್ ಜಿಲ್ಲೆಗೆ ಎದುರಾಗಿ ಅಲ್ಲೊಂದು ಸಣ್ಣ ಅಂಕಿ. ಅಂದೂ ಇಲ್ಲಿ ಕನ್ನಡ ಮಾತಾಡುವ ಕೆಲವರು ಇದ್ದರು! ಅವರು ಯಾರೋ, ಯಾವ ಊರಿನವರೋ, ಏಕೆ ಬಂದರೋ. ಆ ಅಂಕಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತೆವು.

ಆದರೆ ಅಂಕಿಯ ಹಿಂದೆ ಹೆಸರಿರಲಿಲ್ಲ. ನಮ್ಮ ದೇಶದಲ್ಲಿ ಕೋಷ್ಟಕಗಳು ತಯಾರಾದ ಮೇಲೆ ಮನೆವಾರು ಪಟ್ಟಿಗಳನ್ನು ಉಳಿಸಿಡುವ ಪದ್ಧತಿ ಇರಲಿಲ್ಲ. 1901ರಿಂದ ಒಬ್ಬೊಬ್ಬರ ವಿವರವನ್ನು ಒಂದೊಂದು ಚೀಟಿಗೆ ಇಳಿಸಿ, ಚೀಟಿಗಳನ್ನು ಗೂಡುಗಳಲ್ಲಿ ವಿಂಗಡಿಸಿ ಎಣಿಸುತ್ತಿದ್ದರು. ಎಣಿಕೆ ಮುಗಿಯಿತೆಂದರೆ ಚೀಟಿಯ ಕೆಲಸವೂ ಮುಗಿಯಿತು. ಉಳಿದದ್ದಿದ್ದರೂ ನೋಡುವ ಹಾಗಿಲ್ಲ: 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನ ಪ್ರಕಾರ ಗಣತಿದಾರ ಬರೆದುಕೊಂಡ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಸಿವಿಲ್ ದಾವೆಯಲ್ಲಿ ಅದು ಸಾಕ್ಷ್ಯವೂ ಆಗದು. ಇದು ತಪ್ಪೆಂದು ನಾವು ಹೇಳುವುದಿಲ್ಲ. ಹೇಳಿದ್ದು ಹೊರಗೆ ಹೋಗುವುದಿಲ್ಲವೆಂಬ ಭರವಸೆ ಇದ್ದರೆ ತಾನೇ ಜನ ನಿಜ ಹೇಳುತ್ತಾರೆ? ಸರ್ಕಾರಕ್ಕೆ ಬೇಕಾದದ್ದು ಎಷ್ಟು ಜನ ಎಂಬುದು, ಯಾರು ಎಂಬುದಲ್ಲ. ನಮಗೆ ಬೇಕಾದದ್ದು ಯಾರು ಎಂಬುದು. ಅಂಗಡಿಯೇ ಬೇರೆ.

ಇನ್ನೊಂದು ಸಂಗತಿ ತಿಳಿದ ಮೇಲಂತೂ ಆಸೆ ಪೂರ್ತಿ ಬತ್ತಿತು. ಹಳೆಯ ಜನಗಣತಿಗಳಲ್ಲಿ ಮನೆಯವರು ಹೆಂಗಸಿನ ಹೆಸರು ಹೇಳಲು ಒಪ್ಪದಿದ್ದರೆ ಹೆಸರಿನ ಜಾಗದಲ್ಲಿ ‘ಹೆಂಗಸು’ ಎಂದಷ್ಟೇ ಬರೆದುಕೊಳ್ಳಬಹುದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಮಾಡುವಾಗಲೂ ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು ನಿಜ. ಆದರೆ ನಮ್ಮ ಆಯಿ ಬೇರೆ ರೀತಿ ಬರೆಸಿದ್ದಳೆಂದು ಹೇಗೆ ಹೇಳುವುದು? ಏಳು ಸಲ ಎಣಿಸಿಕೊಂಡವಳ ಹೆಸರನ್ನು ಒಂದು ಸಲವಾದರೂ ಕೇಳಿದ್ದರೋ ಇಲ್ಲವೋ.

ನಮ್ಮ ಅಣ್ಣ ವಡೋದರಾದಲ್ಲಿದ್ದಾನೆ. ಬರೋಡಾ ಸಂಸ್ಥಾನ ತನ್ನದೇ ಜನಗಣತಿ ವರದಿಗಳನ್ನು ಹೊರಡಿಸುತ್ತಿತ್ತು. 1911ರ ವರದಿ ಗೋವಿಂದಭಾಯಿ ದೇಸಾಯಿಯವರದು, 1931ರದು ಸತ್ಯವ್ರತ ಮುಖರ್ಜಿಯವರದು. ಅವುಗಳನ್ನು ತಿರುವಿಹಾಕಿ, "ಇಲ್ಲಿಯೂ ಬರೀ ಅಂಕಿಯಪ್ಪಾ" ಎಂದು ಅಣ್ಣ ಫೋನು ಮಾಡಿದ. ಜೊತೆಗೆ ಒಂದು ಒಳ್ಳೆಯ ಸುದ್ದಿಯನ್ನೂ ಕೊಟ್ಟ. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು 1951ರಲ್ಲಿ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರಷ್ಟೆ. ಅಲ್ಲಿ ಅವರ ಶಿಷ್ಯರಾಗಿದ್ದ ಎ. ಎಂ. ಶಾಹರು, ಆರ್. ಜಿ. ಶ್ರಾಫ್ ಎಂಬುವರೊಡನೆ ಸೇರಿ, ಇದೇ ವಹಿವಂಚಾ ಬಾರೋಟರ ಮೇಲೆ 1958ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ್ದಾರೆ. ಶ್ರೀನಿವಾಸರ ಕತೆಯೂ ನಮಗೆ ಪಾಠವೇ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಅವರು ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನ ಬಲದಿಂದಲೇ ಆ ಹಳ್ಳಿಯ ಮೇಲೆ ಪುಸ್ತಕ ಬರೆದು 1976ರಲ್ಲಿ ಹೊರತಂದರು. ಕಾಗದ ಹೋದರೂ ನೆನಪಿದ್ದರೆ ಬರೆಯಬಹುದು. ನೆನಪೂ ಹೋದರೆ?

ತಂಗಿಯನ್ನು ಸೂರತ್ತಿಗೆ ಕೊಟ್ಟಿದೆ. ಅವಳು ಮಾತಿನ ಮಲ್ಲಿ. "ಸಂಘದ ಪ್ರತಿ ರಾಜ್ಯೋತ್ಸವಕ್ಕೂ ಒಂದೇ ಭಾಷಣ. ಬಾದಾಮಿ ಚಾಲುಕ್ಯರ ಕೊಂಬೆಯೊಂದು ನಮ್ಮ ಪಕ್ಕದ ನವಸಾರಿಯಲ್ಲಿ ಆಳಿತು, 739ರ ತಾಮ್ರಪಟ ಐತಿ, ಅವನಿಜನಾಶ್ರಯ ಪುಲಕೇಶಿ ಅರಬರನ್ನ ಸೋಲಿಸಿದ ಅಂತ. ಸಾವಿರದ ಇನ್ನೂರು ವರ್ಷದ ಹಿಂದಿನ ರಾಜನ ಹೆಸರು ಬಾಯಿಪಾಠ, ನಮ್ಮ ಮುತ್ತಜ್ಜಿ ಹೆಸರು ಗೊತ್ತಿಲ್ಲ!" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ದಾರಿ ತೋರಿಸಿದವಳೂ ಅವಳೇ. "ಬಾರೋಟರು ಇಲ್ಲಿ ಇದ್ದರ, ನಮ್ಮ ಕಡೆ ಹೆಳವರು ಇಲ್ಲೇನು? ಅಪ್ಪನ್ನ ಕರಕೊಂಡು ಊರಿಗೆ ಹೋಗೂಣು."

ಹೆಳವರು! ತಂದೆಯ ಮುಖ ಅರಳಿತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ಕಟ್ಟೆಯ ಮುಂದೆ ನಿಂತು ಮನೆತನದ ಹಿರಿಯರ ಹೆಸರುಗಳನ್ನು ಹಾಡಿನಂತೆ ಹೇಳಿ, ಜೋಳ ಪಡೆದು ಹೋಗುತ್ತಿದ್ದ ಹೆಳವನನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರು. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಹೆಳವರು ಹೊಸಬರಲ್ಲ. ಊರು ಊರುಗಳನ್ನು ತಮ್ಮಲ್ಲಿ ಹಂಚಿಕೊಂಡು ತಲೆಮಾರುಗಳಿಂದ ವಂಶಾವಳಿ ಕಾಪಾಡಿಕೊಂಡು ಬಂದವರು. ಊರಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಗೆ ಫೋನು ಮಾಡಿ ನಮ್ಮ ಮನೆತನದ ಹೆಳವರನ್ನು ಪತ್ತೆ ಮಾಡಿಸಿದ್ದಾಯಿತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಅಣ್ಣ, ತಂಗಿ, ನಾವು, ಮಗಳು, ತಂದೆ ಎಲ್ಲರೂ ಮುಂಬಯಿಗೆ ಹೋಗಿ ಗದಗಿನ ಕಡೆಯ ರೈಲು ಹಿಡಿದೆವು.

ಹೆಳವರು ಈಗ ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ ಬಂದರು. ನಮ್ಮದೇ ವಯಸ್ಸಿನವರು. ಬಟ್ಟೆಯಲ್ಲಿ ಸುತ್ತಿದ್ದ ಹೊತ್ತಗೆಗಳಲ್ಲಿ ಒಂದನ್ನು ತೆಗೆದು, ಹಣೆಗೆ ಒತ್ತಿಕೊಂಡು, ಓದತೊಡಗಿದರು. ತಂದೆಯಿಂದ ಮೇಲಕ್ಕೆ ಏಳು ಹೆಸರುಗಳು ಒಂದೇ ಉಸಿರಿಗೆ ಬಂದವು. ಆ ಹೆಸರುಗಳನ್ನೆಲ್ಲ ಇಲ್ಲಿ ಬರೆದು ಓದುಗರಿಗೆ ಬೇಸರ ತರುವುದಿಲ್ಲ. ಆದರೆ ನಮ್ಮ ಮೈಮೇಲೆ ಮುಳ್ಳೆದ್ದದ್ದು ನಿಜ.

ನಡುವೆ ಒಂದು ಸಾಲು. ತಂದೆಯ ಮುತ್ತಜ್ಜನಿಗೆ ಒಬ್ಬ ತಮ್ಮನಿದ್ದ. ಅವನ ಹೆಸರಿನ ಮುಂದೆ ‘ಬರದಾಗ ಗುಳೆ ಹೋದ’ ಎಂದಿತ್ತು. ಅದರ ಕೆಳಗೆ ಏನೂ ಇಲ್ಲ. ತಲೆಮಾರಿನ ಲೆಕ್ಕ ಹಾಕಿದರೆ ಅದು 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವೇ ಆಗಿರಬೇಕು. ವರದಿಗಳಲ್ಲಿ ನಾವು ಓದಿದ್ದು ನೆನಪಾಯಿತು. 1872ರಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ. ಇಡೀ ದೇಶವನ್ನು ಒಂದೇ ರಾತ್ರಿ ಎಣಿಸಿದ 1881ರ ಫೆಬ್ರವರಿ 17ರ ಗಣತಿಯಲ್ಲಿ ಅದು ಸುಮಾರು 6 ಲಕ್ಷ 40 ಸಾವಿರ. ನಡುವೆ ಕಾಣೆಯಾದವರಲ್ಲಿ ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಗ್ರಂಥಾಲಯದಲ್ಲಿ ಓದಿದಾಗ ಅದೊಂದು ವ್ಯವಕಲನದ ಲೆಕ್ಕ. ಈಗ ಅದರೊಳಗೆ ನಮ್ಮ ಮನೆಯ ಹುಡುಗನೊಬ್ಬ ಕಂಡ.

ಹೆಳವರು ಪುಟ ತಿರುಗಿಸಿದರು. ನಮ್ಮ ತಂದೆಯ ಹೆಸರು. ಅದರ ಮುಂದೆ ‘ಅಮದಾಬಾದಕ್ಕೆ ಹೋದ’. ಅದರ ಕೆಳಗೂ ಏನೂ ಇಲ್ಲ.

ತಂದೆ ಕನ್ನಡಕ ಹಾಕಿಕೊಂಡು ಆ ಪುಟವನ್ನೂ ಹಿಂದಿನ ಪುಟವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಇಬ್ಬರಿಗೂ ಒಂದೇ ಮಾತು, ‘ಹೋದ’. ಇಬ್ಬರ ಕೆಳಗೂ ಒಂದೇ ಖಾಲಿ ಜಾಗ. ಮೂರು ಮಕ್ಕಳು, ಐದು ಮೊಮ್ಮಕ್ಕಳು, ಮೂರು ಊರುಗಳಲ್ಲಿ ಮೂರು ಮನೆ ಇದ್ದೂ ಊರಿನ ಪುಸ್ತಕದಲ್ಲಿ ಅವರು ಬರದಲ್ಲಿ ಕಾಣೆಯಾದವನ ಸಾಲಿಗೇ ಸೇರಿಬಿಟ್ಟಿದ್ದರು.

"ನಮ್ಮ ಅಪ್ಪ ಮೂರು ಸಲ ಈ ಮನಿಗೆ ಬಂದು ಕೇಳ್ಯಾನ್ರಿ," ಎಂದರು ಹೆಳವರು ಮೆಲ್ಲಗೆ. "ನಿಮ್ಮ ಸುದ್ದಿ ಹೇಳವರು ಯಾರೂ ಇದ್ದಿಲ್ಲ. ಹೇಳಿದ್ರ ಬರಿತೀವಿ. ಹೇಳದ ಬರಿಯಾಕ ಬರೂದಿಲ್ಲ."

"ತಪ್ಪು ನಂದೈತಪಾ," ಎಂದರು ತಂದೆ. "ಈಗ ಹೇಳ್ತೀನಿ, ಬರಕೊ." ಆಮೇಲೆ ತಡೆದು ಕೇಳಿದರು, "ನಮ್ಮ ಆಯಿ ಹೆಸರು ಐತೇನು ನೋಡು."

ಹೆಳವರು ಹುಡುಕಿದರು. ತಂದೆಯ ಅಜ್ಜನ ಹೆಸರಿನ ಪಕ್ಕದಲ್ಲಿ ಹೆಂಡತಿಯ ತವರೂರಿನ ಹೆಸರಿತ್ತು. ಅವಳ ಹೆಸರಿರಲಿಲ್ಲ. "ಹೆಣ್ಣಮಕ್ಕಳ ಹೆಸರು ಹಿಂದಕ ಬರಿಯೂದು ಕಡಿಮಿರಿ. ಆ ಊರಿಗೆ ಬ್ಯಾರೆ ಹೆಳವರು ಅದಾರ, ಅವರ ಹೊತ್ತಿಗ್ಯಾಗ ಇದ್ದರೂ ಇರಬಹುದು," ಎಂದರು. ಸರ್ಕಾರದ ಪುಸ್ತಕವೂ ಹೆಳವರ ಪುಸ್ತಕವೂ ಈ ಒಂದು ವಿಷಯದಲ್ಲಿ ಒಂದೇ ಎಂದು ನಮ್ಮ ಮಗಳು ತಂಗಿಯ ಕಿವಿಯಲ್ಲಿ ಹೇಳಿದಳು.

ತಂದೆ ಮೊಮ್ಮಗಳನ್ನು ಹತ್ತಿರ ಕರೆದರು. "ಮೊದಲ ಈಕಿ ಹೆಸರು ಬರಿ."

"ಹೆಣ್ಣಮಗಳು, ಕೊಟ್ಟ ಮನಿ ಪುಸ್ತಕದಾಗ ಬರ್ತಾಳ್ರಿ ಯಜಮಾನ್ರ."

"ಕೊಟ್ಟ ಮನ್ಯಾಗ ಬರೀಲಿಲ್ಲಂತನ ನಮ್ಮ ಆಯಿ ಹೆಸರು ಕಳಕೊಂಡು ಕುಂತೀನಿ. ನೀ ಬರಿ."

ಹೆಳವರು ಬರೆದರು. ಅಣ್ಣನ ಮಕ್ಕಳು, ತಂಗಿ, ತಂಗಿಯ ಮಕ್ಕಳು, ತೀರಿಕೊಂಡ ನಮ್ಮ ತಾಯಿ, ಎಲ್ಲರೂ ಬಂದರು. ಖಾಲಿ ಜಾಗ ಸಾಲದೆ ಪಕ್ಕಕ್ಕೂ ಹರಿಯಿತು. ಕಾಣಿಕೆ ಕೊಟ್ಟು, ಊಟ ಮಾಡಿಸಿ ಕಳಿಸಿದೆವು.

ಇಲ್ಲಿಗೆ ಮುಗಿಸಿದ್ದರೆ ನಾವು ಒಳ್ಳೆಯವರಾಗಿಯೇ ಉಳಿಯುತ್ತಿದ್ದೆವು. ಆದರೆ ಒಂದು ತಪ್ಪೊಪ್ಪಿಗೆ ಬಾಕಿಯಿದೆ.

ಹಿಂದಿರುಗುವಾಗ ರೈಲಿನಲ್ಲಿ ಆ ‘ಕೆನರೀಸ್’ ಸಾಲಿನ ಮಾತು ಬಂತು. ಮಗಳು ಕೇಳಿದಳು: "2011ರಾಗ ನಮ್ಮನ್ನೂ ಆ ಸಾಲಿನಾಗ ಎಣಿಸ್ಯಾರಲ್ಲ?" ನಮಗೆ ಆ ಫೆಬ್ರವರಿಯ ಬೆಳಿಗ್ಗೆ ನೆನಪಾಯಿತು. ಕಚೇರಿಗೆ ಹೊರಡುವ ಗಡಿಬಿಡಿ. ಬಾಗಿಲಲ್ಲಿ ಗಣತಿಯವರು. ಕೇಳಿದ್ದಕ್ಕೆಲ್ಲ ನಾವು ಸೊಗಸಾದ ಗುಜರಾತಿಯಲ್ಲಿ ಉತ್ತರ ಕೊಟ್ಟೆವು. ಮಾತೃಭಾಷೆ ಗುಜರಾತಿ ಎಂದೇ ಬರೆಯಲೇ ಎಂದು ಕೇಳಿದರು. ಬೂಟಿನ ದಾರ ಕಟ್ಟುತ್ತ ನಾವು ಹೇಳಿದ್ದು ಒಂದೇ ಮಾತು: "ಚಾಲಶೇ." ಗುಜರಾತಿನಲ್ಲಿರುವ ಯಾವ ಕನ್ನಡಿಗನಿಗೆ ಈ ಮಾತಿನ ಅರ್ಥ ಹೇಳಬೇಕಾಗಿದೆ? ನಡೆಯುತ್ತದೆ ಬಿಡಿ ಎಂದೆವು, ನಡೆದುಹೋಯಿತು. ಮನೆಯ ಐದು ಜನರಿಗೂ ಗುಜರಾತಿಯೇ ಬಿತ್ತು.

ಆ ಐವರಲ್ಲಿ ನಮ್ಮ ತಾಯಿಯೂ ಒಬ್ಬರು. ‘ಕೇಮ್ ಛೋ’ ದಾಟಿ ಅವರಿಗೆ ಗುಜರಾತಿ ಬರುತ್ತಿರಲಿಲ್ಲ. ತರಕಾರಿ ಲಾರಿಯವನ ಹತ್ತಿರವೂ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದರು. ಚಿಕ್ಕಂದಿನಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ಬರೆಯಬೇಕು ಎಂಬುದು ಜನಗಣತಿಯ ನಿಯಮ. ಕೇಳಿದ್ದರು, ಹೇಳಲಿಲ್ಲ. 2011ರ ಲೆಕ್ಕದಲ್ಲಿ ಭಾರತದಲ್ಲಿ ಕನ್ನಡಿಗರು 4,37,06,512. ಈ ಅಂಕಿಯಲ್ಲಿ ನಮ್ಮ ತಾಯಿ ಇಲ್ಲ. ಅವರು 2016ರಲ್ಲಿ ತೀರಿಕೊಂಡರು. ಇನ್ನು ಸೇರಿಸಲು ಬರುವುದಿಲ್ಲ. ಆಯಿಯ ಹೆಸರು ಯಾರು ಕಳೆದರೋ ನಮಗೆ ತಿಳಿಯದು, ತಾಯಿಯ ಭಾಷೆಯನ್ನು ಲೆಕ್ಕದಿಂದ ಕಳೆದವರು ನಾವೇ.

2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ಮುಂದೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯುವುದೆಂದು 2025ರ ಜೂನ್ 16ರಂದು ಸರ್ಕಾರ ಪ್ರಕಟಿಸಿತು. ಅಹಮದಾಬಾದ್, ವಡೋದರಾ, ಸೂರತ್ತಿನ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಗಣತಿಯವರು ಕೇಳಿದಾಗ ಎಷ್ಟೇ ಗಡಿಬಿಡಿಯಿದ್ದರೂ ಬೂಟು ಬಿಚ್ಚಿಟ್ಟು, ಮನೆಯ ಒಬ್ಬೊಬ್ಬರ ಮಾತೃಭಾಷೆಯನ್ನೂ ಸರಿಯಾಗಿ ಹೇಳಿ ಬರೆಸಿ. ಗುಜರಾತಿ ಬರುತ್ತದೆಂದು ಹೇಳಲು ಬೇರೆ ಕಲಂ ಇದೆ, ಅನ್ನ ಕೊಟ್ಟ ನಾಡಿನ ಭಾಷೆಗೆ ಅಲ್ಲಿ ಜಾಗ ಕೊಡಿ. ಅದು ಎಣಿಕೆಯ ಮಾತು. ಹೆಸರಿನ ಕೆಲಸ ನಮ್ಮದೇ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ನೂರು ಪುಟದ ಒಂದು ನೋಟುಬುಕ್ಕು ತಂದು ಅವರ ಮುಂದೆ ಕುಳಿತುಕೊಳ್ಳಿ. ಗಂಡಸರ ಹೆಸರು ತಾನಾಗಿ ಬರುತ್ತದೆ. ಹೆಂಗಸರ ಹೆಸರನ್ನು ಕೇಳಿ ಕೇಳಿ ಬರೆಯಿರಿ.

ನಮ್ಮ ಮಗಳು ಬರೆದಿದ್ದಾಳೆ. ಮೂರನೆಯ ಸಾಲಿನಲ್ಲಿ ಆಯಿಯ ತವರೂರು ಬರೆದು ಹೆಸರಿನ ಜಾಗ ಬಿಟ್ಟಿದ್ದಾಳೆ. ಮುಂದಿನ ಬನದ ಹುಣ್ಣಿಮೆಗೆ ಆ ಊರಿನ ಹೆಳವರನ್ನು ಕಾಣಲು ಹೋಗಬೇಕೆಂದು ತಂದೆಯವರು ಈಗಲೇ ರೈಲಿನ ವೇಳೆ ವಿಚಾರಿಸುತ್ತಿದ್ದಾರೆ. ಈ ವಯಸ್ಸಿನಲ್ಲಿ ಅಷ್ಟು ದೂರ ಬೇಡ, ಫೋನಿನಲ್ಲೇ ಕೇಳಿದರೆ ನಡೆಯುತ್ತದೆ ಎಂದೆವು. ಅವರು ನಮ್ಮನ್ನು ಒಮ್ಮೆ ನೋಡಿ, "ಚಾಲಶೇ ಅನಬ್ಯಾಡ" ಎಂದರು.